ಊರಿನ ಮೇಳ, ಮನೆಯ ಮಕ್ಕಳು

ಹಬ್ಬದ ರಜೆಯೊಂದಿಗೆ ಶನಿವಾರ, ಭಾನುವಾರಗಳೂ ಕೂಡಿ ಬಂದವೆಂದರೆ ಬೆಂಗಳೂರು, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿರುವ ನಮ್ಮ ಮನೆತನಗಳ ಮಕ್ಕಳು ಊರಿನ ದಾರಿ ಹಿಡಿಯುತ್ತಾರೆ. ತಂದೆತಾಯಿಗಳ ದರ್ಶನ, ಗುಡಿಗೆ ಒಂದು ನಮಸ್ಕಾರ, ಹೊಲದ ಕಡೆಗೊಂದು ಸುತ್ತು, ಎರಡು ಹೊತ್ತಿನ ಹೋಳಿಗೆಯ ಊಟ. ಮೂರನೆಯ ದಿನ ಸಂಜೆ ಬುತ್ತಿ ಕಟ್ಟಿಸಿಕೊಂಡು ಮರಳಿ ಪ್ರಯಾಣ. ಇಂದು ಇದು ಸಾವಿರಾರು ಮನೆಗಳ ಕಥೆ. ಇಷ್ಟು ಸಣ್ಣ ಅವಧಿಯಲ್ಲಿ ನಾವು ಊರಿನಿಂದ ಏನನ್ನು ಪಡೆಯುತ್ತೇವೆ, ಊರಿಗೆ ಏನನ್ನು ಕೊಡುತ್ತೇವೆ ಎಂಬ ಪ್ರಶ್ನೆಯನ್ನು ಈ ತಿಂಗಳು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ. ಅದಕ್ಕೆ ನಿಮಿತ್ತವಾದದ್ದು ನಮ್ಮೂರಿನ ವಾದ್ಯಮೇಳ.

ನಮ್ಮೂರು ಹೊರ್ತಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಇಂಡಿ ತಾಲ್ಲೂಕಿನಲ್ಲಿರುವ ಊರು. ರೇವಣಸಿದ್ಧೇಶ್ವರನ ಸನ್ನಿಧಿಯಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದುದು. ಹರಿಹರ ಮಹಾಕವಿಯು ಯಾವ ಸಿದ್ಧನನ್ನು ಕುರಿತು ರಗಳೆಯೊಂದನ್ನು ರಚಿಸಿದನೋ ಆ ರೇವಣಸಿದ್ಧನನ್ನು ನಮ್ಮವರೂ ಹಾಲುಮತದವರೂ ಸಮಾನ ಭಕ್ತಿಯಿಂದ ನೆನೆಯುತ್ತಾರೆ. ಆದ್ದರಿಂದ ನಮ್ಮ ಭಾಗದ ಕಿವಿಗೆ ಭಜನೆಯ ತಾಳವೂ ಪರಕೀಯವಲ್ಲ, ಡೊಳ್ಳಿನ ಪದವೂ ಪರಕೀಯವಲ್ಲ. ಮೆರವಣಿಗೆಯ ಮುಂದೆ ಕರಡಿಮಜಲು, ಗುಡಿಯ ಅಂಗಳದಲ್ಲಿ ಡೊಳ್ಳು, ಪಡಸಾಲೆಯಲ್ಲಿ ಪೇಟಿ ತಬಲಾ ಎಂಬ ಏರ್ಪಾಡು ಹಿರಿಯರ ಕಾಲದಿಂದ ನಡೆದು ಬಂದದ್ದು.

ಬಸವ ಜಯಂತಿಯು 2024ರಲ್ಲಿ ಮೇ 10ರ ಶುಕ್ರವಾರ ಬಂದಿತ್ತು. ಮರುದಿನ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ. ಆ ವರ್ಷದ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ್ದರಿಂದ ಜಯಂತಿಗೆ ಹೊಸ ಕಳೆ ಬಂದಿತ್ತು. ಗುರುವಾರ ರಾತ್ರಿಯೇ ಬೆಂಗಳೂರಿನಿಂದ ಹೊರಟ ನಾವು ಮನೆಮಂದಿಯೆಲ್ಲ ಬೆಳಗಿನ ಹೊತ್ತಿಗೆ ಊರು ಸೇರಿದೆವು. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿಯಾಗಿತ್ತು. ವೈನಿಯವರು ವರ್ಷದ ಮೊದಲ ಮಾವಿನ ಸೀಕರಣೆಗೆ ಸಿದ್ಧತೆ ನಡೆಸಿದ್ದರು.

ಆದರೆ ಅಣ್ಣನ ಮುಖದಲ್ಲಿ ದಣಿವಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಅದರ ಬಿಸಿ ಆ ಬೇಸಿಗೆಯಲ್ಲಿಯೂ ಆರಿರಲಿಲ್ಲ. ಭೌಗೋಳಿಕ ಮಾನ್ಯತೆ ದೊರೆತ ಇಂಡಿ ನಿಂಬೆಯ ಹೆಸರು ದೇಶಕ್ಕೆಲ್ಲ ಹಬ್ಬಿದೆ ನಿಜ. ಗಿಡವನ್ನು ಉಳಿಸಿಕೊಳ್ಳಬೇಕಾದವನು ಮಾತ್ರ ಟ್ಯಾಂಕರ್ ನೀರಿಗಾಗಿ ಕಾಯುತ್ತಿದ್ದ. ಕೊಳವೆ ಬಾವಿಯಲ್ಲಿ ಉಳಿದಷ್ಟು ನೀರನ್ನು ರಾತ್ರಿ ಕರೆಂಟು ಬಂದಾಗ ಎದ್ದು ಹಾಯಿಸಬೇಕು. ಭಜನೆಗೆ ಬರುವಿರಾ ಎಂದು ನಾನು ಕೇಳಿದಾಗ ಅಣ್ಣ, "ಕರೆಂಟ್ ಯಾವಾಗ ಬರ್ತದೋ ನೋಡಿ ಬರ್ತೀನಿ" ಎಂದ. ಊರಿನ ಮೇಳಗಳು ಏಕೆ ಕ್ಷೀಣಿಸುತ್ತಿವೆ ಎಂಬುದಕ್ಕೆ ದೊರೆತ ಮೊದಲ ಉತ್ತರ ಅದೇ. ಹಾಡುವ ಮನಸ್ಸು ಇಲ್ಲದೆ ಅಲ್ಲ, ರಾತ್ರಿಯೇ ತನ್ನ ಕೈಯಲ್ಲಿಲ್ಲದೆ ರೈತನು ಮೇಳದಿಂದ ದೂರವಾಗುತ್ತಿದ್ದಾನೆ.

ಆ ರಾತ್ರಿ ಓಣಿಯ ಭಜನಾ ಮೇಳ ನಮ್ಮ ಪಡಸಾಲೆಯಲ್ಲಿಯೇ ಕುಳಿತಿತು. ಮೇಳವೆಂದರೆ ಆರು ಜನ. ಪೇಟಿ ಹಿಡಿದವರು ಎಪ್ಪತ್ತು ದಾಟಿದ ಹಿರಿಯರು. ಓಣಿಯ ಮಕ್ಕಳಿಗೆಲ್ಲ ಅವರು ಮುತ್ಯಾ. ತಬಲಾ ನುಡಿಸುವವರು ಹಗಲು ಟಂಟಂ ಓಡಿಸುವವರು. ಇನ್ನುಳಿದ ನಾಲ್ವರ ಕೈಯಲ್ಲಿ ತಾಳ, ದಮ್ಮಡಿ. ಮೊದಲು ಮುತ್ಯಾ ತಮ್ಮ ಕಂಠಕ್ಕೆ ಒಗ್ಗುವ ಸ್ವರವೊಂದನ್ನು ಒತ್ತಿ ಹಿಡಿದರು. ತಬಲಾದವರು ಬಲದ ತಬಲಾದ ಅಂಚನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಆ ಷಡ್ಜಕ್ಕೆ ಹೊಂದಿಸಿಕೊಂಡರು. ಶ್ರುತಿ ಕೂಡಿದ ಮೇಲೆಯೇ ಬಾಯಿ ತೆರೆಯುವುದು. ಮುಂದಿನವರು ಹಾಡಿದ ನುಡಿಯನ್ನು ಹಿಂದಿನವರು ಎತ್ತಿಕೊಳ್ಳುವುದು, ಎಂಟು ಮಾತ್ರೆಯ ಸರಳ ತಾಳದಲ್ಲಿ ನಿಧಾನವಾಗಿ ಆರಂಭಿಸಿ ಕೊನೆಗೆ ಲಯ ಏರಿಸುವುದು. ಇದು ನಮ್ಮ ಭಜನೆಯ ಪದ್ಧತಿ. ಶರಣರ ವಚನವಾದ ಮೇಲೆ ನಿಜಗುಣರ ಪದ, ಅನಂತರ ಕಡಕೋಳ ಮಡಿವಾಳಪ್ಪನವರದು, ಆಮೇಲೆ ಶಿಶುನಾಳ ಶರೀಫರದು. ಇಲ್ಲಿ ಯಾರ ಪದವೆಂಬ ಭೇದವಿಲ್ಲ, ಅನುಭಾವವೊಂದೇ ಪ್ರಮಾಣ.

ನನ್ನ ಹನ್ನೆರಡು ವರ್ಷದ ಮಗ ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಎರಡನೆಯ ಪದ ಮುಗಿದಾಗ ಮುತ್ಯಾ ಅವನನ್ನು ಕರೆದರು. "ತಮ್ಮಾ, ಅದನ್ನ ಅಲ್ಲಿ ಇಡು. ಇಲ್ಲಿ ಬಂದು ಕೂಡು, ಈ ತಾಳ ಹಿಡಿ." ಹುಡುಗ ಸಂಕೋಚಪಟ್ಟು, "ನನಗೆ ಬರೋದಿಲ್ಲ, ಮುತ್ಯಾ" ಎಂದ. "ಬರೂದಿಲ್ಲ ಅಂತ ತಿಳ್ದೇ ಕರದೀನಿ. ಬರೋರಿಗೆ ನಾ ಯಾಕ ಕರೀಲಿ?" ಎಂದು ಅವರು ನಕ್ಕರು. ಅವನು ಕುಳಿತ. ಮೊದಲ ಪದದಲ್ಲಿ ತಾಳ ತಪ್ಪಿತು, ಎರಡನೆಯದರಲ್ಲಿಯೂ ತಪ್ಪಿತು. ಯಾರೂ ಅವನ ಕಡೆಗೆ ತಿರುಗಿ ನೋಡಲಿಲ್ಲ, ಯಾರೂ ನಿಲ್ಲಿಸಲಿಲ್ಲ. ಉಳಿದವರ ತಾಳವೇ ಅವನ ಕೈಯನ್ನು ದಾರಿಗೆ ತಂದಿತು. ಮೂರನೆಯ ಪದದ ನಡುವೆ ಅವನ ತಲೆ ತಾನಾಗಿಯೇ ತೂಗತೊಡಗಿತು. ಕರೆಂಟಿನ ಕೆಲಸ ಮುಗಿಸಿ ಒದ್ದೆಗಾಲಿನಲ್ಲಿ ಬಂದ ಅಣ್ಣ ಅವನ ಪಕ್ಕದಲ್ಲಿ ಕುಳಿತು ದಮ್ಮಡಿ ಎತ್ತಿಕೊಂಡ.

ಭಜನೆ ಮುಗಿದು ಚಹಾ ಕುಡಿಯುವಾಗ ಮುತ್ಯಾ ಆಡಿದ ಮಾತು ಈ ಲೇಖನಕ್ಕೆ ಮೂಲ. "ನನ್ನ ಹಿಂದ ಈ ಪೇಟಿ ಯಾರು ಹಿಡೀತಾರ ಅನ್ನೂದೇ ಚಿಂತಿ ಆಗ್ಯದ. ಕೇಳೋರು ರಗಡ ಅದಾರ, ಕೂಡೋರು ಇಲ್ಲ."

ಕೇಳುವವರಿದ್ದಾರೆ, ಕೂಡುವವರಿಲ್ಲ. ಮರುದಿನ ರಾತ್ರಿ ನೆಂಟರ ಮನೆಯ ಸಮಾರಂಭದಲ್ಲಿ ಈ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾಯಿತು. ಅಲ್ಲಿ ಪಟ್ಟಣದಿಂದ ಆರ್ಕೆಸ್ಟ್ರಾ ಬಂದಿತ್ತು. ಕೀಬೋರ್ಡು, ಡ್ರಮ್ಸು, ಆಳೆತ್ತರದ ಧ್ವನಿಪೆಟ್ಟಿಗೆಗಳು, ಬಣ್ಣಬಣ್ಣದ ದೀಪಗಳು. ಹಾಡಿದ ಹುಡುಗರು ಶ್ರಮಪಟ್ಟು ಕಲಿತವರೇ. ಅದು ಅವರ ಕಾಯಕ, ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಜನರೂ ಸಂತೋಷಪಟ್ಟರು. ಆದರೆ ಅಲ್ಲಿ ನಮ್ಮ ಮಕ್ಕಳಿಗೆ ಇದ್ದ ಸ್ಥಾನವೆಂದರೆ ಕುರ್ಚಿ ಮಾತ್ರ. ಬಾಡಿಗೆಯ ಮೇಳ ಆ ರಾತ್ರಿಯೇ ಗಾಡಿ ಏರಿ ಹೋಗುತ್ತದೆ. ಊರಿನ ಮೇಳ ಊರಿನಲ್ಲಿಯೇ ಇರುತ್ತದೆ. ತೊಟ್ಟಿಲ ಕಾರ್ಯಕ್ಕೆ, ಶಿವರಾತ್ರಿಯ ಜಾಗರಣೆಗೆ, ಶ್ರಾವಣ ಸೋಮವಾರಕ್ಕೆ, ಕೊನೆಗೆ ಲಿಂಗೈಕ್ಯರಾದವರ ಮುಂದೆ ರಾತ್ರಿಯಿಡೀ ಕುಳಿತು ಹಾಡುವುದಕ್ಕೆ ಕರೆಯದೆ ಬರುವವರು ಅವರೇ. ದುಃಖದ ಮನೆಗೆ ಆರ್ಕೆಸ್ಟ್ರಾ ತರಿಸಲಾಗದು.

ಪೇಟಿಯ ಚರಿತ್ರೆಯನ್ನು ನೋಡಿದರೂ ಇದೇ ತತ್ತ್ವ ಕಾಣುತ್ತದೆ. ಈ ವಾದ್ಯ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಅಲೆಕ್ಸಾಂಡರ್ ದೆಬೈನ್ ಎಂಬುವನು 1842ರ ಸುಮಾರಿಗೆ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದ. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ಒತ್ತುವ ವಾದ್ಯವಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ನೆಲದ ಮೇಲೆ ಕುಳಿತು, ಎಡಗೈಯಿಂದ ತಿದಿ ಒತ್ತಿ, ಬಲಗೈಯಿಂದ ನುಡಿಸುವಂತೆ ಮಾರ್ಪಡಿಸಿದರು. ಕುರ್ಚಿಯಿಂದ ಚಾಪೆಗೆ ಇಳಿದಾಗಲೇ ಅದು ನಮ್ಮದಾಯಿತು. ನಮ್ಮ ಸಂಗೀತದ ಗಮಕ, ಮೀಂಡುಗಳು ಅದರಲ್ಲಿ ಮೂಡವೆಂಬ ಕಾರಣದಿಂದ ಆಕಾಶವಾಣಿಯು 1940ರಲ್ಲಿ ಅದಕ್ಕೆ ಬಹಿಷ್ಕಾರ ಹಾಕಿತು. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಈ ಮೂವತ್ತು ವರ್ಷ ಪೇಟಿಯ ಕೈ ಬಿಡದೆ ಕಾಪಾಡಿದವರಲ್ಲಿ ನಾಟಕ ಕಂಪನಿಗಳೂ ಹಳ್ಳಿಯ ಭಜನಾ ಮೇಳಗಳೂ ಸೇರಿವೆ.

ದೊಡ್ಡ ಸಂಗೀತಗಾರರು ಬಂದದ್ದಾದರೂ ಎಲ್ಲಿಂದ? 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಊರೂರು ತಿರುಗುವ ನಾಟಕ ಮಂಡಳಿಯಲ್ಲಿದ್ದವರು. ಮುಂದೆ ನೀಲಕಂಠಬುವಾ ಅಲೂರಮಠರಲ್ಲಿಯೂ, ಅನಂತರ ಜಯಪುರ ಘರಾಣೆಯ ಮಂಜಿಖಾನ್, ಬುರ್ಜಿಖಾನರಲ್ಲಿಯೂ ಕಲಿತು 1992ರಲ್ಲಿ ಪದ್ಮವಿಭೂಷಣರಾದರು. ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿ ದೇಶಕ್ಕೆ ಕೇಳಿಸಿದವರಲ್ಲಿ ಅವರು ಅಗ್ರಗಣ್ಯರು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಸ್ವತಃ ಅಂಧರಾಗಿದ್ದು, ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಆ ಪರಂಪರೆಯನ್ನು ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದರು. ಅಲ್ಲಿಂದ ಹೊರಟ ಶಿಷ್ಯರು ಎಷ್ಟೋ ಊರುಗಳಲ್ಲಿ ಸಂಗೀತದ ಮಾಸ್ತರರಾದರು. ಯಾವ ಮಹಾವೃಕ್ಷವಾದರೂ ಮೊದಲು ಊರಿನ ಮಣ್ಣಿನಲ್ಲಿಯೇ ಮೊಳೆಯಬೇಕು. ಬಾರದವನಿಗೂ ತಾಳ ಕೊಟ್ಟು ಕೂಡಿಸುವ ಚಾಪೆಯೇ ಆ ಮಣ್ಣು. ದಾಸೋಹವೆಂದರೆ ಅನ್ನವೊಂದೇ ಅಲ್ಲ. ವಿದ್ಯೆಯ ಪಂಕ್ತಿಯಲ್ಲಿ ಎಳೆಯರಿಗೆ ಎಡೆ ಮಾಡಿಕೊಡುವುದೂ ದಾಸೋಹವೇ.

ಹಾಗಾದರೆ ಮೂರು ದಿನದ ರಜೆಯಲ್ಲಿ ನಾವು ಮಾಡಬಹುದಾದದ್ದೇನು? ಅನುಭವದಿಂದ ಹೇಳುವ ಕೆಲವು ಮಾತುಗಳಿವೆ.

ಮೊದಲನೆಯದಾಗಿ, ಊರಿಗೆ ಹೊರಡುವ ಮುನ್ನವೇ ಮೇಳದ ಹಿರಿಯರಿಗೆ ಫೋನು ಮಾಡಿ ಒಂದು ರಾತ್ರಿಯನ್ನು ಗೊತ್ತುಪಡಿಸಿರಿ. ನೀರು ಹಾಯಿಸುವವರಿಗೆ ಅನುಕೂಲವಾದ ಹೊತ್ತನ್ನು ಕೇಳಿರಿ. ಎರಡನೆಯದಾಗಿ, ಮನೆಯೊಳಗಿನ ಭಜನೆಗೆ ಮೈಕು ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಿಯಮದ ಮಾತು ಹಾಗಿರಲಿ, ಮೈಕು ಬಂದಲ್ಲಿ ಚೆನ್ನಾಗಿ ಹಾಡುವವನೊಬ್ಬನೇ ಹಾಡುತ್ತಾನೆ. ಮೈಕು ಇಲ್ಲದಲ್ಲಿ ಎಲ್ಲರೂ ಹಾಡಲೇಬೇಕಾಗುತ್ತದೆ. ಮೂರನೆಯದಾಗಿ, ತಾಯಂದಿರನ್ನೂ ಹೆಣ್ಣುಮಕ್ಕಳನ್ನೂ ಚಹಾ ಮಾಡುವುದಕ್ಕೆ ಮಾತ್ರ ಮೀಸಲಿಡಬೇಡಿರಿ. ಸಾಮಾನ್ಯವಾಗಿ ಗಂಡಸರ ಶ್ರುತಿಯಲ್ಲಿ ಹೆಂಗಸರ ಕಂಠ ತಗ್ಗಿ ಹೋಗುತ್ತದೆ. ಆದ್ದರಿಂದ ಅಕ್ಕನ ಬಳಗದವರು ಹಾಡುವಾಗ ಪೇಟಿಯ ಷಡ್ಜವನ್ನು ಮೇಲಕ್ಕೆ ಸರಿಸಬೇಕು. ತಬಲಾವನ್ನು ಮತ್ತೆ ಹೊಂದಿಸುವಷ್ಟು ತಾಳ್ಮೆ ಮೇಳಕ್ಕೆ ಇರಬೇಕು. ಅನುಭವ ಮಂಟಪದಲ್ಲಿ ಶರಣೆಯರಿಗೆ ಸಮಾನ ಸ್ಥಾನ ಕೊಟ್ಟ ಪರಂಪರೆ ನಮ್ಮದು. ನಾಲ್ಕನೆಯದಾಗಿ, ಅಟ್ಟದ ಮೇಲೆ ಧೂಳು ತಿನ್ನುವ ಪೇಟಿಯಿದ್ದರೆ ಇಳಿಸಿ, ಬಲ್ಲವರಿಂದ ತಿದಿ ಮತ್ತು ಸ್ವರಗಳನ್ನು ದುರಸ್ತಿ ಮಾಡಿಸಿ ಮೇಳಕ್ಕೆ ಒಪ್ಪಿಸಿರಿ. ಆರ್ಕೆಸ್ಟ್ರಾಕ್ಕೆ ಪಟ್ಟಿ ಎತ್ತುವ ಊರಿಗೆ ಇದು ಭಾರವಾಗಲಾರದು.

ಮೇಳದ ಪದಗಳನ್ನು ಮೊಬೈಲಿನಲ್ಲಿ ಹಿಡಿದಿಡುವುದೂ ಒಳ್ಳೆಯ ಕೆಲಸವೇ. ಹಿರಿಯರ ಧಾಟಿ ಉಳಿಯುತ್ತದೆ. ಆದರೆ ಹಿಡಿದಿಟ್ಟ ಧ್ವನಿಯು ಹಾಡನ್ನು ಉಳಿಸೀತೇ ಹೊರತು ಹಾಡುವವರನ್ನು ಉಳಿಸಲಾರದು. ದೂರದಲ್ಲಿ ದುಡಿಯುವ ನಾವು ಊರಿಗೆ ಹಣ ಕಳಿಸಬಲ್ಲೆವು, ಗುಡಿಗೆ ಕಳಸ ಮಾಡಿಸಬಲ್ಲೆವು, ಜಾತ್ರೆಗೆ ದೀಪಾಲಂಕಾರ ಮಾಡಿಸಬಲ್ಲೆವು. ಚಾಪೆಯ ಮೇಲೆ ಖಾಲಿ ಉಳಿದ ಜಾಗವನ್ನು ಮಾತ್ರ ಹಣದಿಂದ ತುಂಬಲಾಗದು; ಅಲ್ಲಿ ಮನುಷ್ಯರೇ ಬಂದು ಕುಳಿತುಕೊಳ್ಳಬೇಕು. ಮುಂದಿನ ರಜೆಗೆ ಊರಿಗೆ ಹೋಗುವ ಬಂಧುಗಳು ತಮ್ಮ ಮಕ್ಕಳಲ್ಲಿ ಒಬ್ಬರನ್ನಾದರೂ ಅಲ್ಲಿ ಕೂಡಿಸಲಿ, ತಾವೂ ಪಕ್ಕದಲ್ಲಿ ಕೂಡಲಿ. ತಾಳ ತಪ್ಪಿದರೆ ತಪ್ಪಲಿ. ಮೇಳವಿದ್ದರೆ ತಿದ್ದಿಕೊಳ್ಳಬಹುದು.