ಯಾವ ರೂಪಾಯಿ ಎಂದು ಮೊದಲು ಕೇಳಿ



ಕಳೆದ ತಿಂಗಳು ಊರಿನವರೊಂದಿಗೆ ಪಶುಪತಿನಾಥ, ಮುಕ್ತಿನಾಥ ಯಾತ್ರೆ ಮುಗಿಸಿ ಬಂದೆ. ‘ನೇಪಾಳದಲ್ಲಿ ನಮ್ಮ ದುಡ್ಡೇ ನಡೆಯುತ್ತದೆ’ ಎಂದು ಕರೆದೊಯ್ದವರು ಹೇಳಿದ್ದರು. ನಡೆಯುತ್ತದೆ, ನಿಜ. ಆದರೆ ಅಲ್ಲಿಯದೂ ರೂಪಾಯಿಯೇ, ನಮ್ಮದೂ ರೂಪಾಯಿಯೇ. ನಮ್ಮ 100 ರೂಪಾಯಿಗೆ ಅವರ 160 ಎಂಬ ದರ 1993ರಿಂದ ಬದಲಾಗಿಲ್ಲ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು 800 ರೂಪಾಯಿ ಎಂದ ರುದ್ರಾಕ್ಷಿ ಮಾಲೆಗೆ ನಮ್ಮ ನೂರರ ಎಂಟು ನೋಟು ಎಣಿಸಿ ಕೊಟ್ಟರು. ಕೊಡಬೇಕಾಗಿದ್ದದ್ದು ಐದೇ. ಅಂಗಡಿಯವ ತುಟಿ ಬಿಚ್ಚಲಿಲ್ಲ. ಆ ಹಿರಿಯರು ಪಿಂಚಣಿಯಲ್ಲಿ ಉಳಿಸಿಕೊಂಡು ಬಂದಿದ್ದವರು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಬೆಲೆ ಕೇಳುವಾಗ ‘ಐಸಿಯೋ, ಎನ್‌ಸಿಯೋ’ ಎಂದರೆ ಸಾಕು, ಭಾರತದ್ದೋ ನೇಪಾಳದ್ದೋ ಎಂದು ಹೇಳುತ್ತಾರೆ. ಟೀ, ಟ್ಯಾಕ್ಸಿ, ಕಾಣಿಕೆಯಂಥ ಸಣ್ಣ ಖರ್ಚಿಗೆ ನೇಪಾಳಿ ನೋಟು ಇಟ್ಟುಕೊಳ್ಳುವುದೇ ಮೇಲು. ನಮ್ಮ ನೋಟು ಕೊಟ್ಟರೆ 1.6ರ ಬದಲು 1.5ರ ಲೆಕ್ಕ ಹಿಡಿಯುವವರಿದ್ದಾರೆ. ಮಿಕ್ಕ ನೇಪಾಳಿ ನೋಟನ್ನು ಗಡಿ ದಾಟುವ ಮೊದಲೇ ಬದಲಿಸಿಕೊಳ್ಳಬೇಕು, ಊರಿಗೆ ತಂದರೆ ಕೊಳ್ಳುವವರು ಸಿಗುವುದು ಕಷ್ಟ. ಯಾತ್ರೆ ಏರ್ಪಡಿಸುವವರು ದಯವಿಟ್ಟು ಇಷ್ಟನ್ನು ಬಸ್ಸಿನಲ್ಲೇ ಎಲ್ಲರಿಗೂ ತಿಳಿಸಲಿ, ವಯಸ್ಸಾದವರಿಗೆ ಎರಡು ಸಲ.

— ಓರ್ವ ಓದುಗ, ಶಿವಮೊಗ್ಗ