ಹಂಪೆಯಲ್ಲಿ ಸಭೆ, ಸಭೆಯಲ್ಲಿ ಹಂಪೆಯಿಲ್ಲ

ನಮ್ಮ ನಾಡಿನಲ್ಲಿ ಸಭೆ ಸೇರುವುದಕ್ಕೆ ಈಗ ವಿಷಯ ಬೇಕಿಲ್ಲ, ಸ್ಥಳವೊಂದಿದ್ದರೆ ಸಾಕು. ಸ್ಥಳ ಗೊತ್ತಾದ ಮೇಲೆ ವಿಷಯವನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು. ಬ್ಯಾಂಕಿನವರಿಗೆ ಸಾಲ ವಸೂಲಿಯ ಚಿಂತನೆ, ವೈದ್ಯರಿಗೆ ಮಧುಮೇಹದ ಚಿಂತನೆ, ಅಧ್ಯಾಪಕರಾದ ನಮಗೆ ಸಾಹಿತ್ಯದ ಚಿಂತನೆ. ಇಷ್ಟೆಲ್ಲ ಚಿಂತನೆಗಳಿಗೂ ಹಂಪೆಯೇ ಪ್ರಶಸ್ತ ಸ್ಥಳವೆಂದು ಹೇಗೋ ತೀರ್ಮಾನವಾಗಿಬಿಟ್ಟಿದೆ. ವಿಠಲ ದೇವಾಲಯದ ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನೇರಿ ಕುಳಿತಿದೆ. ನಮ್ಮ ಆಹ್ವಾನಪತ್ರಿಕೆಗಳ ಹಣೆಯ ಮೇಲೆ ಅದಕ್ಕೂ ಬಹಳ ಮೊದಲೇ ಕುಳಿತಿತ್ತು.

ಐತಿಹಾಸಿಕ ಸ್ಥಳಗಳಲ್ಲಿ ಜನ ಕೂಡಬಾರದೆಂದು ಹೇಳುವವನು ನಾನಲ್ಲ. ಆದರೆ ಒಂದು ಮಹಾನಗರದ ಅವಶೇಷವನ್ನು ನಾಟಕದ ಹಿಂಪರದೆಯಂತೆ ಇಳಿಬಿಟ್ಟು, ಅದರ ಮುಂದೆ ನಿಂತು ಎಲ್ಲಿ ಬೇಕಾದರೂ ಆಡಬಹುದಾಗಿದ್ದ ಮಾತುಗಳನ್ನೇ ಆಡಿ, ಶಾಲು ಹೊದೆಸಿಕೊಂಡು ಹಿಂದಿರುಗುವುದು ಅವಿವೇಕ. ಅದಕ್ಕೆ ಸಾರ್ವಜನಿಕರ ಹಣ ಖರ್ಚಾಗುವಾಗ ಅದು ಅವಿವೇಕಕ್ಕಿಂತ ಹೆಚ್ಚಿನದು.

ಮೊದಲು ಕಾನೂನು ಏನೆನ್ನುತ್ತದೆಂಬುದನ್ನು ನೋಡೋಣ. ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗಾಗಿ ಸಂಸತ್ತು 1958ರಲ್ಲಿ ಅಧಿನಿಯಮವನ್ನು ಮಾಡಿತು. ಮರುವರ್ಷ ಅದರ ಕೆಳಗೆ ನಿಯಮಗಳು ಬಂದವು. ಆ 1959ರ ನಿಯಮಗಳ ಪ್ರಕಾರ, ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸತ್ಕಾರಕೂಟ, ಸಮ್ಮೇಳನ, ಮನೋರಂಜನೆ ಇವುಗಳಾವುವನ್ನೂ ಕೇಂದ್ರ ಸರಕಾರದ ಲಿಖಿತ ಅನುಮತಿಯಿಲ್ಲದೆ ನಡೆಸುವಂತಿಲ್ಲ. ಅಲ್ಲಿ ರೂಢಿಯಿಂದ ನಡೆದುಬಂದ ಧಾರ್ಮಿಕ ಆಚರಣೆಗೆ ಮಾತ್ರ ಈ ತಡೆಯಿಲ್ಲ. ನಾನು ವ್ಯಾಕರಣ ಪಾಠ ಹೇಳುವವನು. ನಮ್ಮಲ್ಲಿ ಸೂತ್ರ ಮೊದಲು, ಅಪವಾದ ಆಮೇಲೆ. ಈ ನಿಯಮದಲ್ಲಿ ನಿಷೇಧವೇ ಸೂತ್ರ, ಅನುಮತಿ ಅಪವಾದ. ನಮ್ಮ ಉತ್ಸಾಹಿಗಳು ಅಪವಾದವನ್ನು ಸೂತ್ರವನ್ನಾಗಿ ಓದಿಕೊಂಡಿದ್ದಾರೆ. ಕೇಶಿರಾಜನಿದ್ದಿದ್ದರೆ ಇವರನ್ನು ಮೊದಲ ಪರೀಕ್ಷೆಯಲ್ಲೇ ಕೂರಿಸುತ್ತಿದ್ದ.

ಇನ್ನು ಸ್ಮಾರಕದೊಳಗೆ ಕಾಲಿಡದೆ ನಡೆಯುವ ಸಭೆಗಳ ಮಾತು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಶಾಸನಸಾಹಿತ್ಯವನ್ನು ಕುರಿತು ‘ಹಂಪೆಯಲ್ಲಿ’ ಎರಡು ದಿನದ ವಿಚಾರಸಂಕಿರಣವನ್ನು ಏರ್ಪಡಿಸಿತ್ತು. ಸಂಸ್ಥೆಯ ಹೆಸರು ಬೇಡ. ಅದು ಯಾವ ಸಂಸ್ಥೆಯಾದರೂ ಆಗಬಹುದಾಗಿತ್ತು. ಹಂಪೆಯೆಂದರೆ ಹೊಸಪೇಟೆ, ಅಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರು. ಹೊಸಪೇಟೆಯೆಂದರೆ ಒಂದು ಹೋಟೆಲಿನ ತಂಪುಹಾಕಿದ ಸಭಾಂಗಣ. ಕಿಟಕಿಗಳಿಗೆಲ್ಲ ದಪ್ಪ ಪರದೆ. ಹತ್ತು ಗಂಟೆಗೆಂದಿದ್ದ ಉದ್ಘಾಟನೆ ಗಣ್ಯರ ಕಾರು ಬರುವ ತನಕ ಕಾದು, ಹನ್ನೆರಡೂಕಾಲಿಗೆ ಆರಂಭವಾಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ ಇವುಗಳ ವಿತರಣೆಗೆ ಮುಕ್ಕಾಲು ಗಂಟೆ. ಪ್ರಬಂಧಗಳಿಗೆ ತಲಾ ಹತ್ತು ನಿಮಿಷವೆಂದಿದ್ದುದು ಆರಕ್ಕಿಳಿಯಿತು. ಆ ಆರು ನಿಮಿಷದಲ್ಲಿ ವಿದ್ವಾಂಸರೊಬ್ಬರು ವಿರೂಪಾಕ್ಷ ದೇವಾಲಯದ 1510ರ ಶಾಸನದ ಚಿತ್ರವನ್ನು ತೆರೆಯ ಮೇಲೆ ತೋರಿಸಿದರು. ಕೃಷ್ಣದೇವರಾಯನ ಪಟ್ಟಾಭಿಷೇಕವನ್ನೂ ರಂಗಮಂಟಪದ ನಿರ್ಮಾಣವನ್ನೂ ಹೇಳುವ ಶಾಸನ ಅದು. ಚಿತ್ರ ಮಸುಕಾಗಿತ್ತು, ಅಕ್ಷರ ಕಾಣುವುದಿಲ್ಲವೆಂದು ಹಿಂದಿನ ಸಾಲಿನವರು ಗೊಣಗಿದರು. ಕಲ್ಲು ಇದ್ದದ್ದು ಹದಿಮೂರು ಕಿಲೋಮೀಟರಿನ ದೂರದಲ್ಲಿ. ಎರಡು ದಿನಗಳಲ್ಲಿ ಯಾರೂ ಅದರ ಮುಂದೆ ಹೋಗಿ ನಿಲ್ಲಲಿಲ್ಲ.

ಎರಡನೆಯ ದಿನ ಸಂಜೆ ನಾಲ್ಕಕ್ಕೆ ‘ಸ್ಥಳವೀಕ್ಷಣೆ’ ಎಂದು ಕಾರ್ಯಕ್ರಮಪಟ್ಟಿಯಲ್ಲಿತ್ತು. ನಾಲ್ಕೂವರೆಗೆ ಬಸ್ಸು ಹೊರಟಿತು, ಆರಕ್ಕೆ ಹಿಂದಿರುಗಬೇಕು, ಏಳಕ್ಕೆ ರೈಲು. ಸ್ಥಳೀಯ ಮಾರ್ಗದರ್ಶಿಯೊಬ್ಬರು ಬಸ್ಸಿನ ಬಾಗಿಲಲ್ಲೇ ಕೈಮುಗಿದು ಕೇಳಿದರು: “ಸರ, ಒಂದೂವರಿ ತಾಸಿನ್ಯಾಗ ಏನು ತೋರಸ್ಲಿ ಹೇಳ್ರಿ? ತೇರು ನೋಡ್ತೀರೋ, ಫೋಟೋ ತೆಗಸ್ಕೊಂತೀರೋ?” ಎರಡೂ ಆಗದೆಂದು ಅವರಿಗೆ ಗೊತ್ತಿತ್ತು. ನಾವು ಫೋಟೋ ತೆಗೆಸಿಕೊಂಡೆವು. ಮನೆಗೆ ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ರಮಾಣಪತ್ರ, ಒಂದು ಚೀಲ, ಪ್ಲಾಸ್ಟಿಕ್ಕಿನ ಒಂದು ಕಲ್ಲಿನ ರಥ.

ಇದನ್ನು ಹೇಳಿದರೆ ಸಂಘಟಕರು ಇತಿಹಾಸವನ್ನೇ ನನ್ನ ಮೇಲೆ ಎತ್ತಿಹಿಡಿಯುತ್ತಾರೆ. “ಸ್ವಾಮಿ, ಹಂಪೆ ಇದ್ದದ್ದೇ ಉತ್ಸವಕ್ಕಾಗಿ. ಮಹಾನವಮಿಗೆ ಇಡೀ ಸಾಮ್ರಾಜ್ಯವೇ ಅಲ್ಲಿ ನೆರೆಯುತ್ತಿರಲಿಲ್ಲವೇ?” ಎನ್ನುತ್ತಾರೆ. ನೆರೆಯುತ್ತಿತ್ತು, ನಿಜ. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಅದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಆದರೆ ಆ ಉತ್ಸವವನ್ನು ಯೋಜಿಸಿದವರು ಯಾರು, ಹೇಗೆ ಎಂಬುದನ್ನೂ ಸ್ವಲ್ಪ ನೋಡಬೇಕು. ದೂರದವರಿಗೂ ಕಾಣಲೆಂದು ಅವರು ದಿಬ್ಬವನ್ನೇ ಕಟ್ಟಿದರು. ತೇರು ಎಳೆಯಲೆಂದು ವಿರೂಪಾಕ್ಷನ ಗುಡಿಯ ಮುಂದೆ ಸುಮಾರು ಮುಕ್ಕಾಲು ಕಿಲೋಮೀಟರಿನ ಅಗಲವಾದ ಬೀದಿಯನ್ನು ಬಿಟ್ಟರು. ಜನ ಸೇರಿದರೆ ನೀರು ಬೇಕೆಂದು ಕಲ್ಲಿನ ದೋಣಿಗಳಲ್ಲಿ ನೀರನ್ನು ಹರಿಸಿದರು. ‘ಭೋಜನಶಾಲೆ’ಯೆಂದು ಕರೆಯುವ ಜಾಗದಲ್ಲಿ ಕಾಲುವೆಯ ಎರಡು ಮಗ್ಗುಲಲ್ಲೂ ಕಲ್ಲಿನ ಎಲೆಗಳನ್ನು ಕಡೆದಿಟ್ಟಿರುವುದನ್ನು ಇಂದಿಗೂ ನೋಡಬಹುದು. ಉಂಡ ಮೇಲೆ ತೊಳೆದರಾಯಿತು, ಮರುದಿನಕ್ಕೆ ಎಲೆ ಸಿದ್ಧ. ನಾವೋ, ಒಂದು ಹೊತ್ತಿನ ಊಟಕ್ಕೆ ಕಾಗದದ ತಟ್ಟೆ, ಪ್ಲಾಸ್ಟಿಕ್ಕಿನ ಬಾಟಲಿಗಳ ಗುಡ್ಡೆಯನ್ನು ಬಿಟ್ಟುಹೋಗುತ್ತೇವೆ. ವಿಜಯನಗರದ ಅರಸರ ಹೆಸರು ಹೇಳುವ ಹಕ್ಕು ನಮಗೆ ಬೇಕಾದರೆ ಅವರ ಸಿದ್ಧತೆಯ ನೂರರಲ್ಲೊಂದು ಪಾಲಾದರೂ ನಮ್ಮಲ್ಲಿರಬೇಕು.

ಹಂಪೆ ಉತ್ಸವದ ಮಾತನ್ನೂ ಇಲ್ಲಿ ಆಡಲೇಬೇಕು. 1980ರ ದಶಕದಲ್ಲಿ ಎಂ.ಪಿ. ಪ್ರಕಾಶರು ಅದನ್ನು ಆರಂಭಿಸಿದಾಗ ಸುತ್ತಮುತ್ತಲ ಸೀಮೆಯ ಕಲೆಗಳಿಗೆ ಒಂದು ಅಂಗಳ ಸಿಕ್ಕಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಬೇರೆ. ಯುನೆಸ್ಕೋ ಹಂಪೆಯನ್ನು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇಳಿಸಿತು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಹೊರಟ ಸೇತುವೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. 2006ರಲ್ಲಿ ಆ ಅಪಾಯದ ಪಟ್ಟಿಯಿಂದ ಬಿಡುಗಡೆಯಾಯಿತು. ಈ ನಡುವೆ ತಾಣದ ಉಸ್ತುವಾರಿಗೆಂದೇ 2002ರಲ್ಲಿ ರಾಜ್ಯದ ಕಾನೂನೊಂದು ಬಂದು, ಪ್ರಾಧಿಕಾರ ಹುಟ್ಟಿತು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲೂ ಅವುಗಳ ಪಕ್ಕದಲ್ಲೂ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಕಟ್ಟಿಕೊಂಡದ್ದನ್ನು ಯಂತ್ರಗಳು ಕೆಡವಿದವು. ಅವರಿಗೆ ನಿವೇಶನವೆಂದು ತೋರಿಸಿದ್ದು ಕಡ್ಡಿರಾಂಪುರದ ಕಡೆ. ಕಾರಣವೇನು? ಜನವಸತಿಯಿಂದ ಸ್ಮಾರಕಗಳಿಗೆ ಧಕ್ಕೆ.

ಒಳ್ಳೆಯದು, ಈ ವಾದವನ್ನು ಒಪ್ಪಿಕೊಳ್ಳೋಣ. ಒಲೆಯ ಹೊಗೆಯಿಂದ ಕಂಬ ಕಪ್ಪಾಗುತ್ತದೆ, ಮೊಳೆ ಹೊಡೆದರೆ ಕಲ್ಲು ಬಿರಿಯುತ್ತದೆ. ಹಾಗಾದರೆ ಅದೇ ಬೀದಿಯ ಮೂಡಣ ತುದಿಯಲ್ಲಿ, ಎದುರು ಬಸವಣ್ಣನ ಸನ್ನಿಧಿಯಲ್ಲಿ, ವರ್ಷ ಬಂತೆಂದರೆ ಉತ್ಸವದ ವೇದಿಕೆಯನ್ನು ಏರಿಸುವುದು ಯಾವ ನ್ಯಾಯ? ಇಡ್ಲಿ ಮಾರುವ ಹೆಂಗಸಿನಿಂದ ಬೀಳುವ ಮಂಟಪ ಧ್ವನಿವರ್ಧಕದ ಗೋಪುರಗಳಿಗೆ, ಜನರೇಟರುಗಳಿಗೆ, ಲಾರಿಗಳ ಓಡಾಟಕ್ಕೆ ಜಗ್ಗುವುದಿಲ್ಲವೇ? ವಿಠಲನ ಗುಡಿಯಲ್ಲಿ ಸಂಗೀತದ ಕಂಬಗಳನ್ನು ಬೆರಳಿನಿಂದ ತಟ್ಟಕೂಡದು ಎಂಬ ನಿಯಮವಿದೆ. ಅದು ಸರಿಯಾದ ನಿಯಮ. ಬೆರಳಿಗೆ ಇರುವ ನಿಯಮ ಬಾಸಿಗೂ ಡ್ರಮ್ಮಿಗೂ ಬೇಡವೇ ಎಂದಷ್ಟೇ ನನ್ನ ಪ್ರಶ್ನೆ. ಬಡವನ ಬದುಕು ಅತಿಕ್ರಮಣ, ದೊಡ್ಡವರ ವಿಹಾರ ಸಂಸ್ಕೃತಿ ಎಂಬ ಹೊಸ ನಿಘಂಟೊಂದು ತಯಾರಾದಂತಿದೆ. ಆ ನಿಘಂಟನ್ನು ಪಾಠ ಹೇಳಲು ನಾನು ಸಿದ್ಧನಿಲ್ಲ.

2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಎರಡು ಸಭೆಗಳು, ಸಂಸ್ಕೃತಿ ಕಾರ್ಯತಂಡದ್ದೊಂದು, ಶೆರ್ಪಾಗಳದ್ದೊಂದು, ಹಂಪೆಯಲ್ಲಿ ನಡೆದವು. ಆ ಸಂದರ್ಭದಲ್ಲಿ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಇದನ್ನು ಮೆಚ್ಚಬೇಕು. ನೆರೆಯ ಸೀಮೆಯವರ ಕೈಗೆಲಸ ಅಲ್ಲಿ ಮುಂಬಾಗಿಲಿನಿಂದ ಬಂತು. ಸಭೆಗೂ ಸ್ಥಳಕ್ಕೂ ನಂಟು ಕಟ್ಟಬಹುದೆಂಬುದಕ್ಕೆ ಅದೇ ಸಾಕ್ಷಿ. ಮರುವರ್ಷ, 2024ರ ಮೇ ತಿಂಗಳ ಮಳೆಗೆ, ವಿರೂಪಾಕ್ಷನ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಸಭೆಯಿಂದ ಮಂಟಪ ಬಿತ್ತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅಸತ್ಯವಾದೀತು. ಅತಿಥಿಗಳ ಸತ್ಕಾರಕ್ಕೆ ನಾವು ತೋರುವ ಚುರುಕನ್ನು ಸೋರುವ ಮಾಡಿಗೂ ವಾಲಿದ ಕಂಬಕ್ಕೂ ತೋರಬಾರದೇ ಎಂದು ಕೇಳುತ್ತಿದ್ದೇನೆ.

“ಹೋಟೆಲಿನವರು, ಆಟೋದವರು, ಎಳನೀರು ಮಾರುವವರು ಬದುಕಬೇಡವೇ?” ಎಂಬುದು ಇನ್ನೊಂದು ಆಕ್ಷೇಪ. ಬದುಕಬೇಕು. ಆದರೆ ಈಗಿನ ಸಭೆಗಳಿಂದ ಬದುಕುತ್ತಿರುವವರು ಯಾರು? ತಿಂಡಿ, ಊಟ, ಕಾಫಿ ಎಲ್ಲವೂ ಸಭಾಂಗಣದೊಳಗೇ. ಬಸ್ಸು ಬೆಂಗಳೂರಿನದು, ಶಾಮಿಯಾನ ಬೇರೆ ಊರಿನದು, ಚೀಲ ಮತ್ತೊಂದು ಊರಿನದು. ಒಂದೂವರೆ ಗಂಟೆಯ ಅತಿಥಿ ಎಳನೀರು ಕುಡಿಯುವುದು ಯಾವಾಗ? ಒಂದು ದಿನ ಹೆಚ್ಚು ಉಳಿದು, ಕಾಲ್ನಡೆಯಲ್ಲಿ ತಿರುಗುವವನೇ ಆ ಊರಿಗೆ ನಾಲ್ಕು ಕಾಸು ಕೊಡುವವನು.

ಟೀಕೆ ಸುಲಭ, ದಾರಿ ತೋರಿಸಿ ಎನ್ನುವವರಿಗಾಗಿ ಕೆಲವು ಮಾತು. ಹಂಪೆಯಲ್ಲಿ ಸಭೆ ಕರೆಯುವ ಮುನ್ನ ಸ್ವಾಗತ ಸಮಿತಿ ತನ್ನನ್ನು ತಾನೇ ಕೇಳಿಕೊಳ್ಳಲಿ: ಈ ಸಭೆ ಬೇರೆ ಊರಿನಲ್ಲಿ ನಡೆದರೆ ಏನಾದರೂ ಕಡಿಮೆಯಾದೀತೇ? ಇಲ್ಲವೆಂದಾದರೆ ಅವರವರ ಊರಿನಲ್ಲೇ ನಡೆಯಲಿ, ಪ್ರಯಾಣಭತ್ಯೆಯಾದರೂ ಉಳಿದೀತು. ಆದೀತೆಂದಾದರೆ ಮೂವತ್ತು ನಲವತ್ತು ಜನ ಸಾಕು. ಒಂದು ಶಾಸನದ ಸುತ್ತ ನಿಂತು ಓದಿಸಿ ಕೇಳುವುದಕ್ಕೆ ಅಷ್ಟೇ ಜನ ಹಿಡಿಯುವುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ಬಂಡೆಗಳ ನಡುವೆ ಯಾರನ್ನೂ ಕರೆಯುವುದು ಬೇಡ. ಬೆಳಗಿನ ಆರರಿಂದ ಹತ್ತರವರೆಗೆ ಹೊರಗೆ, ನಡುಹಗಲು ಒಳಗೆ ಚರ್ಚೆ, ನಾಲ್ಕರ ಮೇಲೆ ಮತ್ತೆ ಹೊರಗೆ ಎಂದು ಕಾರ್ಯಕ್ರಮವನ್ನು ತಿರುವಿಹಾಕಲಿ. ಮಾರ್ಗದರ್ಶಿಗಳನ್ನು ಬಸ್ಸಿನ ಬಾಗಿಲಲ್ಲಿ ನಿಲ್ಲಿಸದೆ, ಸಂಪನ್ಮೂಲ ವ್ಯಕ್ತಿಗೆ ಕೊಡುವ ಸಂಭಾವನೆಯನ್ನೇ ಕೊಟ್ಟು ಗೋಷ್ಠಿಯಲ್ಲಿ ಕೂರಿಸಲಿ. ಕಮಲಾಪುರದ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಅಲ್ಲಿನವರನ್ನು ಅಧ್ಯಕ್ಷತೆಗೆ ಕರೆಯುವುದಷ್ಟೇ ಅಲ್ಲದೆ ಯೋಜನೆಯಲ್ಲೇ ಸೇರಿಸಿಕೊಳ್ಳಲಿ. ಬಾಟಲಿಯ ನೀರು ಬೇಡ, ಚೊಂಬಿನ ನೀರು ಸಾಕು. ಸನ್ಮಾನಗಳನ್ನು ಅವರವರ ಊರಿನಲ್ಲೇ ಮಾಡಿಕೊಳ್ಳಲಿ; ವಿರೂಪಾಕ್ಷ ಅವುಗಳನ್ನು ನೋಡಿ ಸಾಕಾಗಿದ್ದಾನೆ.

ಕಡೆಯದಾಗಿ, ಸಭೆ ಏನನ್ನಾದರೂ ಬಿಟ್ಟುಹೋಗಬೇಕು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷವನ್ನು ನೆನೆದ ನಮ್ಮ ಹಿರಿಯರು ಧಾರವಾಡದಿಂದ ಒಂದು ಸ್ಮಾರಕ ಸಂಪುಟವನ್ನು ಹೊರತಂದರು. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಅವರಿಗೆ ಅನುದಾನವಿರಲಿಲ್ಲ, ತಂಪುಹಾಕಿದ ಸಭಾಂಗಣವಿರಲಿಲ್ಲ. ಆ ಸಂಪುಟವನ್ನು ಸಂಶೋಧಕರು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ. ನಾನು ನೋಡಿದ ಸಭೆಗಳಿಂದ ಉಳಿದದ್ದೆಂದರೆ ನೆನಪಿನ ಕಾಣಿಕೆಗಳು. ಅವೂ ಎರಡನೆಯ ಮಳೆಗಾಲದಲ್ಲಿ ಬಣ್ಣ ಬಿಡುತ್ತವೆ.

ಹಂಪೆಗೆ ಹೋಗುವುದಕ್ಕಿಂತ ಕೊಂಪೆಯಲ್ಲಿರುವುದೇ ಲೇಸು ಎಂಬ ಗಾದೆಯೊಂದಿದೆ. ನಮ್ಮ ಸಭೆಗಳ ಬಗೆ ಬದಲಾಗುವ ತನಕ ಆ ಗಾದೆಯನ್ನು ಸ್ವಾಗತ ಸಮಿತಿಗಳ ಗೋಡೆಯ ಮೇಲೆ ಬರೆಸುವುದು ಒಳ್ಳೆಯದು. ಆ ಊರು ಒಮ್ಮೆ 1565ರಲ್ಲಿ ಹಾಳಾಯಿತು. ಎರಡನೆಯ ಸಲ ಹಾಳುಮಾಡುವ ಕೆಲಸಕ್ಕೆ ನಾವು ಕನ್ನಡದ ಅಧ್ಯಾಪಕರು ಪ್ರಬಂಧ ಹಿಡಿದುಕೊಂಡು ಹೋಗುವುದು ಬೇಡ.