ಹೆಡ್‌ಸೆಟ್ ಟೆಂಡರಿಗೆ ಮೊದಲು ಸೆಸ್ ಲೆಕ್ಕ

ಮಕ್ಕಳು ಗ್ರಂಥಾಲಯದ ಕಡೆ ಸುಳಿಯುತ್ತಿಲ್ಲ, ವಿಆರ್ ಹೆಡ್‌ಸೆಟ್ ತರಿಸಿದರೆ ಓಡೋಡಿ ಬರುತ್ತಾರೆ ಎಂಬ ವಾದ ಈ ವಾರ ಉಡುಪಿಯ ಕಡಿಯಾಳಿಯನ್ನೂ ಮುಟ್ಟಿದೆ. ವಾದಿಸುವವರ ಮೊಬೈಲಿನಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಹೊಸ ಕೇಂದ್ರ ಗ್ರಂಥಾಲಯದ ಫೋಟೊ ಸಿದ್ಧವಾಗಿರುತ್ತದೆ. 2018ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ಆ ಕಟ್ಟಡದಲ್ಲಿ ವರ್ಚುವಲ್ ರಿಯಾಲಿಟಿಗೆ ಜಾಗವಿದೆ, ತ್ರೀಡಿ ಪ್ರಿಂಟರ್ ಇದೆ, ಹೊಲಿಗೆ ಯಂತ್ರವೂ ಇದೆ. ಮೇಲಿನ ಮಹಡಿಯಲ್ಲಿರುವ ಸುಮಾರು ಒಂದು ಲಕ್ಷ ಪುಸ್ತಕಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅಸಲಿಗೆ ಜನ ಬರುತ್ತಿಲ್ಲ ಎನ್ನುವುದೇ ಅರ್ಧ ಸತ್ಯ. ಜಿಲ್ಲಾ ಕೇಂದ್ರದ ಯಾವ ಗ್ರಂಥಾಲಯಕ್ಕಾದರೂ ಬೆಳಿಗ್ಗೆ ಹೋಗಿ ನೋಡಬೇಕು. ಒಂದು ಮೇಜಿನಲ್ಲಿ ಪತ್ರಿಕೆ ಬಿಡಿಸಿಕೊಂಡ ಹಿರಿಯರು, ಉಳಿದ ಮೇಜುಗಳಲ್ಲೆಲ್ಲ ಪಿಡಿಒ, ಪೊಲೀಸ್, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಗೈಡು, ನೀರಿನ ಬಾಟ್ಲಿ ಎರಡನ್ನೂ ಮನೆಯಿಂದಲೇ ತಂದಿರುತ್ತಾರೆ. ಅವರಿಗೆ ಬೇಕಿರುವುದು ತಿರುಗುವ ಫ್ಯಾನು, ಕೆಲಸ ಮಾಡುವ ಪ್ಲಗ್ ಪಾಯಿಂಟ್, ಶುಚಿಯಾದ ಶೌಚಾಲಯ, ಹೊಸ ಆವೃತ್ತಿಯ ಪುಸ್ತಕ.

ಹೆಡ್‌ಸೆಟ್ಟನ್ನೂ ಕೈಯಲ್ಲಿ ಹಿಡಿದು ನೋಡೋಣ. ಮುಖಕ್ಕೆ ಒತ್ತಿಕೊಳ್ಳುವ ಸ್ಪಂಜು ಎಪ್ರಿಲಿನ ಬೆವರನ್ನು ಹೀರಿಕೊಳ್ಳುತ್ತದೆ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ಮೊದಲು ಪ್ರತಿ ಸಲ ಒರೆಸಬೇಕು. ಕನ್ನಡಕದವರು ಹಾಗೆಯೇ ಏರಿಸಿಕೊಂಡರೆ ಒಳಗಿನ ಲೆನ್ಸಿಗೆ ಗೀರು ಬೀಳಬಹುದು. ಮಳೆಗಾಲದಲ್ಲಿ ಕಪಾಟಿನೊಳಗಿಟ್ಟ ಲೆನ್ಸ್‌ಗೆ ಫಂಗಸ್ ಹಿಡಿಯುವ ಕಥೆಯನ್ನು ಕರಾವಳಿಯ ಯಾವ ಫೋಟೊಗ್ರಾಫರನ್ನು ಕೇಳಿದರೂ ಹೇಳುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ತನ್ನ ಹೆಡ್‌ಸೆಟ್ ಸಲ್ಲದು ಎಂದು ಮೆಟಾ ಕಂಪನಿಯೇ ಹೇಳಿದೆ, ಮೊದಲು ಓಡಿ ಬರುವವರು ಆ ವಯಸ್ಸಿನವರೇ. ಪುಸ್ತಕ ಕೊಟ್ಟು, ಹಿಂದೆ ಪಡೆದು, ಕಸವನ್ನೂ ಗುಡಿಸಿ ಪಂಚಾಯತ್ ಗ್ರಂಥಾಲಯ ನಡೆಸುವ ಒಬ್ಬ ಮೇಲ್ವಿಚಾರಕಿ ಇದನ್ನೆಲ್ಲ ಯಾವಾಗ ನೋಡಿಕೊಳ್ಳಬೇಕು?

ಇದಕ್ಕಿಂತ ದೊಡ್ಡ ಆತಂಕ ಬೇರೆಯೇ ಇದೆ. ಗೂಗಲ್ 2015ರಲ್ಲಿ ಶಾಲೆಗಳಿಗಾಗಿ ‘ಎಕ್ಸ್‌ಪೆಡಿಷನ್ಸ್’ ಎಂಬ ವಿಆರ್ ಪ್ರವಾಸಗಳನ್ನು ತಂದಿತು, 2021ರ ಜೂನಿನಲ್ಲಿ ಮುಚ್ಚಿತು. 2018ರಲ್ಲಿ ಬಂದ ಆಕ್ಯುಲಸ್ ಗೋ ಹೆಡ್‌ಸೆಟ್ 2020ಕ್ಕೆಲ್ಲ ಮಾರುಕಟ್ಟೆಯಿಂದ ಮರೆಯಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಪುಟ ಇವತ್ತಿಗೂ ತೆರೆದರೆ ಓದಬಹುದು. ಕಂಪನಿ ತನಗೆ ಬೇಡವೆನಿಸಿದ ದಿನ ಬಾಗಿಲೆಳೆದುಕೊಳ್ಳುವ ಸರಕಿಗೆ ಸಾರ್ವಜನಿಕ ದುಡ್ಡು ಸುರಿಯಬಾರದು. ತೋರಿಸುವ ಸಾಮಗ್ರಿ ಗ್ರಂಥಾಲಯದ ಸ್ವಂತದ್ದಾಗಿರಬೇಕು, ಪುಸ್ತಕದಂತೆ ಅದಕ್ಕೂ ನಂಬರು ಬೀಳಬೇಕು.

ಹಾಗೆಂದು ತಂತ್ರಜ್ಞಾನವೇ ಬೇಡ ಎನ್ನಲಾಗದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮದಲ್ಲಿ ‘ಪ್ಲೇಸ್ ಹಂಪಿ’ ಇದೆ. 2006ರಲ್ಲಿ ಫ್ರಾನ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ಈ ತ್ರೀಡಿ ಹಂಪಿಯನ್ನು ನಾಲ್ಕು ಜನ ಒಟ್ಟಿಗೆ ನಿಂತು, ಮಾತಾಡಿಕೊಂಡೇ ನೋಡಬಹುದು. ಕಾರ್ಕಳಕ್ಕೆ ಅಂಥದ್ದೊಂದು ಏಕೆ ಬೇಡ? 1432ರ ಗೊಮ್ಮಟನ ಬೆಟ್ಟ ಹತ್ತಲು ಮಂಡಿ ಬಿಡದ ಅಜ್ಜಿಗೆ ಕೆಳಗಿನ ಊರಿನ ಗ್ರಂಥಾಲಯದಲ್ಲೇ ಅವನ ಪಾದ ಕಾಣುವಂತಾದರೆ ಆ ಖರ್ಚು ಸಾರ್ಥಕ. ಶಾಸನದ ಕಲ್ಲಿಗೆ ಮೊಬೈಲ್ ಹಿಡಿದ ಕೂಡಲೇ ಇಂದಿನ ಕನ್ನಡದ ಸಾಲುಗಳು ಮೂಡುವ ಆಗ್ಮೆಂಟೆಡ್ ರಿಯಾಲಿಟಿಯೂ ಬರಲಿ.

ಫಿನ್‌ಲ್ಯಾಂಡಿನ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳಲೇಬೇಕು. 1990ರ ಡಿಸೆಂಬರಿನಲ್ಲಿ ಅಲ್ಲಿನ ವಿದ್ವಾಂಸ ಲೌರಿ ಹೊಂಕೊ ತುಳುನಾಡಿಗೆ ಬಂದು, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆಗೂಡಿ ಮಾಚಾರು ಗೋಪಾಲ ನಾಯ್ಕರ ಬಾಯಲ್ಲಿ ಸಿರಿ ಪಾಡ್ದನ ಎಂಬ ತುಳು ಹಾಡುಗಬ್ಬ ಕೇಳಿ ಧ್ವನಿಮುದ್ರಿಸಿಕೊಂಡರು. ಆರು ದಿನ ಹಾಡಿದ ಆ ಕಾವ್ಯ 15,683 ಸಾಲುಗಳಾಗಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಸಿರಿ ಜಾತ್ರೆ ನಡೆಯುವ ನಂದಳಿಕೆ, ಹಿರಿಯಡಕದ ಗ್ರಂಥಾಲಯದ ಬೆಂಚಿನಲ್ಲಿ ಕೂತ ಹುಡುಗಿಗೆ ಗೋಪಾಲ ನಾಯ್ಕರ ಆ ದನಿ, ಎದುರಿಗೆ ತುಳು ಸಾಲು, ಪಕ್ಕದಲ್ಲಿ ಕನ್ನಡ ಅರ್ಥ ಸಿಗಬೇಕು. ಇದಕ್ಕೆ ಹೆಡ್‌ಸೆಟ್ಟೇ ಬೇಕಿಲ್ಲ, ಒಂದು ಇಯರ್‌ಫೋನ್ ಸಾಕು. ಜಾತ್ರೆಯ ರಾತ್ರಿ ಮೈಮೇಲೆ ಸಿರಿಯ ದರ್ಶನ ಬಂದ ಹೆಂಗಸರ ಮುಖಗಳನ್ನು 360 ಡಿಗ್ರಿಯಲ್ಲಿ ಚಿತ್ರೀಕರಿಸಿ ಮನರಂಜನೆಗೆ ಹಂಚುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅದು ಆ ಹೆಂಗಸರಿಗೆ ಮಾಡುವ ಅವಮಾನ.

ದುಡ್ಡೆಲ್ಲಿದೆ ಎಂದು ಕೇಳುವವರು ಮನೆ ತೆರಿಗೆಯ ರಶೀದಿ ತೆಗೆದು ನೋಡಲಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ವಸೂಲಾಗುತ್ತದೆ. ಸ್ಥಳೀಯ ಸಂಸ್ಥೆ ಅದನ್ನು ಗ್ರಂಥಾಲಯ ಇಲಾಖೆಗೆ ದಾಟಿಸಬೇಕು. ಬೆಂಗಳೂರಿನ ಪಾಲಿಕೆ ನೂರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡದ್ದನ್ನು ಓದುಗರು ಪತ್ರಿಕೆಗಳಲ್ಲಿ ಓದಿಯೇ ಇದ್ದಾರೆ. ಉಡುಪಿ ನಗರಸಭೆ, ಕಾಪು ಮತ್ತು ಕಾರ್ಕಳ ಪುರಸಭೆಗಳು ವಸೂಲಾದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಲಿ. ಕಟ್ಟದೆ ಉಳಿದ ರೂಪಾಯಿ ಒಂದಿದ್ದರೂ ಹೆಡ್‌ಸೆಟ್ಟಿನ ಹೆಸರು ಎತ್ತುವ ಹಕ್ಕು ಅವರಿಗಿಲ್ಲ.